ಸೋಸದ ನೀರು

ಸೋಸುವ ಅರಿವೆಯನ್ನು ಮಗುಚಿ ತಂಬಿಗೆಯಲ್ಲಿ ಜಾಲಿಸಬೇಕು, ಅಷ್ಟರಲ್ಲಿ ಪಂಪಾವತಿಗೆ ಆ ಚುಕ್ಕೆ ಕಂಡಿತು. ಒದ್ದೆ ಬಟ್ಟೆಯ ನಡುವೆ ಎಳ್ಳಿನಂಥದ್ದೊಂದು ತನ್ನ ಪಾಡಿಗೆ ತಾನು ಗಿರಕಿ ಹೊಡೆಯುತ್ತಿತ್ತು. ಅದೇನೂ ಹೊಸದಲ್ಲ. ಯಲಬುರ್ಗಾದ ಈ ಅಂಗಳಕ್ಕೆ ರಜೆಗೆ ಬರುತ್ತಿದ್ದ ಲಂಗದ ಕಾಲದಿಂದಲೂ, ಕೆರೆಯ ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದದ್ದನ್ನು ತಂಬಿಗೆಗೆ ಇಳಿಸಿ ತಿರುಗಿ ಕೆರೆಗೇ ಸುರಿದು ಬರುವುದು ಅವಳ ಪಾಲಿನ ಕೆಲಸವಾಗಿತ್ತು. ಸೋಸಿ ಕುಡಿದರಷ್ಟೇ ಸಾಲದು, ಸೋಸಿದ್ದನ್ನು ಅದರ ಮನೆಗೆ ಮುಟ್ಟಿಸಬೇಕು ಎಂಬುದು ದೊಡ್ಡವ್ವ ವಿರೂಪಾಕ್ಷಮ್ಮನ ನೇಮ. ಇಷ್ಟು ವರ್ಷ ಕೈ ಮಾಡುತ್ತ ಬಂದ ಕೆಲಸವನ್ನು ಕಣ್ಣು ನೋಡಿರಲಿಲ್ಲ. ಇವತ್ತು ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಭೂತಗನ್ನಡಿ ಇತ್ತು. ಮದುವೆಯಾಗದ ಹುಡುಗಿ ಕೊರಳಿಗೆ ಕರಿದಾರ ಹಾಕಿಕೊಂಡಿದ್ದಾಳೆಂದು ದೊಡ್ಡವ್ವ ಎರಡು ದಿನದಿಂದ ಗೊಣಗುತ್ತಿದ್ದದ್ದು ಅದನ್ನು ಕುರಿತೇ. ಸುಮ್ಮನೆ, ಕೈಗೆ ಸಿಕ್ಕಿತೆಂದು, ಪಂಪಾವತಿ ಅದನ್ನು ಕಣ್ಣಿಗೆ ಹಿಡಿದು ಬಗ್ಗಿದಳು. ಅವರೆಕಾಳಿನ ಎರಡು ಬೇಳೆಗಳ ಹಾಗೆ ಕೂಡಿಕೊಂಡ ಎರಡು ಚಿಪ್ಪು. ಬೆನ್ನ ಮೇಲೆ ಎರಡು ತಗ್ಗು. ಮುಂದಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಸಣ್ಣ ಸಾಲು. ಚಿಪ್ಪಿನ ಸಂದಿನಿಂದ ಕೂದಲೆಳೆಯಂಥ ಕಾಲುಗಳು ಹೊರಬಂದು ಗಾಳಿಯನ್ನು ಒದೆಯುತ್ತಿದ್ದವು. ಕನ್ನಡಿ ಇಳಿಸಿದಳು. ಮತ್ತೆ ಹಿಡಿದಳು. ಅದೇ ಎರಡು ತಗ್ಗು.

ಆ ತಗ್ಗು, ಆ ಹಲ್ಲಿನ ಸಾಲು ಅವಳಿಗೆ ತನ್ನ ಅಂಗೈಯ ಗೆರೆಗಳಿಗಿಂತ ಹೆಚ್ಚು ಪರಿಚಿತ. ಹೋದ ತಿಂಗಳು ಇದೇ ಅಂಗಳದಲ್ಲಿ ಕೂತು, ಹತ್ತಿರದ ಹಳ್ಳಿ ಮಂಗಳೂರಿನ ಹಳ್ಳದ ದಂಡೆಯಿಂದ ತಂದ ಬಿಳಿಮಣ್ಣನ್ನು ನೀರಿನಲ್ಲಿ ಕದಡಿ, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಕಣಕಣವಾಗಿ ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಆರಿಸಿದ್ದು ಇವನ್ನೇ. ಸಿಗಡಿ, ಏಡಿಗಳ ದಾಯಾದಿಗಳು. ಪುಸ್ತಕದಲ್ಲಿ ಆಸ್ಟ್ರಕಾಡ್ ಎಂದು ಹೆಸರು, ಪ್ರೊಫೆಸರ್ ಕೊಟ್ರಬಸಪ್ಪನವರ ಬಾಯಲ್ಲಿ ಎಳ್ಳುಸಿಗಡಿ. ಆದರೆ ಅವಳು ಆರಿಸಿದವು ಲಕ್ಷಾಂತರ ವರ್ಷಗಳ ಹಿಂದೆ ಸತ್ತು ಮಣ್ಣೊಳಗೆ ಕಲ್ಲಾದವು. ಹಾಗೆಂದು ಅವಳು ತಿಳಿದಿದ್ದಳು, ಅವಳು ಹೈದರಾಬಾದಿಗೆ ಕಳಿಸಿದ ಗಾಜಿನ ನಳಿಗೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕೊಟ್ರಬಸಪ್ಪನವರೂ ಹಾಗೇ ತಿಳಿದಿದ್ದರು, ಇವತ್ತು ಸಂಜೆ ನಾಲ್ಕಕ್ಕೆ ಯಲಬುರ್ಗಾದ ಸಾಲೆಯಲ್ಲಿ ಸೇರುವ ವಿಜ್ಞಾನಿಗಳ ಇಡೀ ಸಭೆ ಹಾಗೇ ತಿಳಿಯಲಿತ್ತು. ಈ ಬಗೆಯದನ್ನು ಈವರೆಗೆ ಯಾರೂ ಬರೆದಿಲ್ಲ, ಇದು ಹೊಸದು, ಇದಕ್ಕೆ ಆರಿಸಿದವಳ ಹೆಸರನ್ನೇ ಇಡುತ್ತೇನೆ ಎಂದು ಪ್ರೊಫೆಸರರು ಸಾರಲಿದ್ದರು. ಲ್ಯಾಟಿನಿನ ಬಾಲ ಹಚ್ಚಿ, ಪಂಪಾವತಿಯೈ. ಆ ಬಾಲವನ್ನು ಅವಳು ಎಷ್ಟು ಸಲ ತುಟಿಯೊಳಗೇ ಉಚ್ಚರಿಸಿ ನೋಡಿದ್ದಳೋ. ನಿನ್ನೆ ಸಂಜೆ ರೊಟ್ಟಿ ಬಡಿಯುವಾಗ ಮರದ ಕೊಮ್ಮಣಿಗೆಯ ಮೇಲಿನ ಹಿಟ್ಟಿನಲ್ಲಿ ಬೆರಳಿಂದ ಬರೆದು, ದೊಡ್ಡವ್ವ ಬಂದಳೆಂದು ಅದರ ಮೇಲೇ ಮುದ್ದೆ ಇಟ್ಟು ಬಡಿದಿದ್ದಳು. ಆ ರೊಟ್ಟಿಯನ್ನು ದೊಡ್ಡಪ್ಪ ಉಂಡಿದ್ದ.

ಬಾವಿಯ ನೀರು ಸವಳು. ಅದರಲ್ಲಿ ಮಣ್ಣು ತೊಳೆದರೆ ಒಣಗಿದ ಮೇಲೆ ಕಣಗಳ ಮೈಗೆ ಉಪ್ಪು ಕೂತು ಗುರುತೇ ಹತ್ತುವುದಿಲ್ಲ. ಅದಕ್ಕೆ ಕೆರೆಯ ಸಿಹಿನೀರು ತರಿಸಿದ್ದಳು. ಜಾಣತನ ಮಾಡಿದೆನೆಂದು ಆಗ ಅನ್ನಿಸಿತ್ತು. ಕೊಡದಿಂದ ನೇರ ತಗಡಿನ ಬುಟ್ಟಿಗೆ ಸುರಿದ ಆ ನೀರು ಕಣ್ಣಿಗೆ ಕಟ್ಟಿತು. ಅರಿವೆ? ಅರಿವೆ ಹಿಡಿದಿದ್ದೆನೇ? ನೆನಪು ಆ ಜಾಗಕ್ಕೆ ಹೋಗಿ ಹೋಗಿ ಬರಿಗೈಯಲ್ಲಿ ತಿರುಗಿ ಬರುತ್ತಿತ್ತು.

ಅಡುಗೆಮನೆಯಿಂದ ವಿರೂಪಾಕ್ಷಮ್ಮ ಕೂಗಿದಳು, ಏನ ನೋಡಾಕತ್ತೀ ಅದರಾಗ, ಮಂದಿ ಬರೂ ಹೊತ್ತಾತು, ಕೆರಿಗೆ ಹಾಕಿ ಲಗೂನ ಬಾ ಎಂದು. ಎಳ್ಳಿನಷ್ಟು ಹುಳ ನೋಡಲಿಕ್ಕೆ ಹೈದರಾಬಾದು, ಮದರಾಸು, ಕಲಕತ್ತೆಯಿಂದ ಕೋಟು ಹಾಕಿಕೊಂಡು ಮಂದಿ ಬರುತ್ತದೆಂಬ ಸಂಗತಿ ದೊಡ್ಡವ್ವನಿಗೆ ಎಂಟು ದಿನದಿಂದ ನಗೆಯ ಗಣಿಯಾಗಿತ್ತು. ಆದರೂ ಅವರಿಗೆ ಎಣ್ಣೆಗಾಯಿ ಪಲ್ಯವೂ ಶೇಂಗಾ ಹೋಳಿಗೆಯೂ ತನ್ನ ಕೈಯದೇ ಆಗಬೇಕೆಂದು ಪಟ್ಟು ಹಿಡಿದವಳೂ ಅವಳೇ.

"ದೊಡ್ಡವ್ವ, ಹ್ವಾದ ತಿಂಗಳ ನಾ ಮಣ್ಣ ತೊಳ್ಯಾಕ ನೀರು ತಗೊಂಡಿದ್ನೆಲ್ಲ," ಪಂಪಾವತಿ ಹೊಸ್ತಿಲ ಹೊರಗೇ ನಿಂತು ಕೇಳಿದಳು, "ಅದು ಸೋಸಿದ್ದಿತ್ತೇನು?"

"ಮಣ್ಣಿಗೆ ಯಾರರ ನೀರು ಸೋಸ್ತಾರೇನ?" ದೊಡ್ಡವ್ವ ಬದನೆಕಾಯಿ ಸೀಳುತ್ತ ಅಂದಳು. "ಮಣ್ಣೇನ ಕುಡಿತೈತಿ?"

ತಂಬಿಗೆ ಹಿಡಿದು ಬಾಗಿಲು ದಾಟಿದವಳು ಕೆರೆಯ ದಾರಿಯ ತಿರುವಿನಲ್ಲಿ ನಿಂತಳು. ಸುರಿದುಬಿಟ್ಟರೆ ಮುಗಿಯಿತು. ಈ ಊರಲ್ಲಿ ಈ ಕನ್ನಡಿಯಿಂದ ಈ ಅರಿವೆಯನ್ನು ಇನ್ನು ಯಾರೂ ನೋಡುವವರಿಲ್ಲ. ಅವು ಕೆರೆಯಲ್ಲಿ ಈಜಿಕೊಂಡಿರುತ್ತವೆ, ಇವಳ ಹೆಸರು ಪುಸ್ತಕದಲ್ಲಿ ಇರುತ್ತದೆ, ಎರಡಕ್ಕೂ ಜಗಳವಿಲ್ಲ. ಹಾಗೆ ಅಂದುಕೊಂಡ ಮರುಕ್ಷಣ ಕಿವಿ ಬಿಸಿಯಾಯಿತು. ಆರಿಸುವಾಗ ಒಂದು ಚಿಪ್ಪಿನ ಸಂದಿನಲ್ಲಿ ಒಣಗಿದ ಎಳೆಯೊಂದು ಸಿಕ್ಕಿಕೊಂಡಿತ್ತು. ಹುಲ್ಲಿನ ಬೇರೆಂದು ತಿಳಿದು ಕುಂಚದಿಂದ ಬಿಡಿಸಿ ಊದಿದ್ದಳು. ಬೇರಲ್ಲ, ಅದು ಕಾಲು. ಸತ್ತು ಎರಡು ದಿನವೂ ಆಗದ ಜೀವದ ಕಾಲನ್ನು ಕಿತ್ತು ಎಸೆದು, ಲಕ್ಷಾಂತರ ವರ್ಷದ ಹಿರಿತನವನ್ನು ಅದಕ್ಕೆ ಕಟ್ಟಿದ್ದಳು. ಹಾಗಾದರೆ ಹೇಳಬೇಕು. ಸಭೆಗೆ ಮೊದಲು, ಕೊಟ್ರಬಸಪ್ಪನವರೊಬ್ಬರಿಗೇ, ಮೆಲ್ಲಗೆ. ಹೇಳಲು ಬಾಯಿ ಬಾರದಿದ್ದರೆ ತೋರಿಸಿದರಾಯಿತು. ತಂಬಿಗೆಯ ಬಾಯಿಗೆ ಲೋಟ ಬೋರಲು ಹಾಕಿ ಮುಚ್ಚಿ, ಕೆರೆಗೆ ಹೋಗದೆ ಬಸ್ಸು ನಿಲ್ಲುವ ಕಟ್ಟೆಗೆ ನಡೆದಳು.

ಬಾಯಿ ಬಾರದಿರುವುದು ಎಂದರೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೈದರಾಬಾದಿನ ಕಾಲೇಜಿನಲ್ಲಿ ಬಿ.ಎಸ್ಸಿ.ಯ ಬಾಯಿಪರೀಕ್ಷೆ. ಮೇಜಿನ ಮೇಲೆ ಸೀಳಿ ಹರಡಿದ ಸಿಗಡಿ. ಇದಕ್ಕೆ ಎಷ್ಟು ಜೊತೆ ಅಂಗಗಳು ಎಂದು ಪರೀಕ್ಷಕರು ಕೇಳಿದ್ದರು. ಉತ್ತರ ನಾಲಿಗೆಯ ಬುಡದಲ್ಲಿ ಕಾಲು ಮಡಚಿ ಕೂತಿತ್ತು, ಎದ್ದು ಬರಲೊಲ್ಲದು. ಅವರು ಕಾದರು, ಗಡಿಯಾರ ನೋಡಿದರು, ಏನೋ ಗೀಚಿದರು, ಹೋಗಮ್ಮ ಅಂದರು. ಟಾಂಗಾದಲ್ಲಿ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅದು ತಾನಾಗಿ ಹೊರಬಂತು, ಹತ್ತೊಂಬತ್ತು, ಅಷ್ಟು ಗಟ್ಟಿಯಾಗಿ ಅಂದರೆ ಟಾಂಗಾದವನು ಕುದುರೆ ನಿಲ್ಲಿಸಿ, ಹತ್ತೊಂಬತ್ತು ಏನ್ರಿ ಅಕ್ಕಾರ, ಬಾಡಿಗಿ ಅಷ್ಟ ಆಗಂಗಿಲ್ಲ ಎಂದಿದ್ದ.

ಬಸ್ಸು ಬರುವ ಮೊದಲು ಅದರ ಹೊಗೆ ಬಂತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುವ ಬಸ್ಸು. ಬೆನ್ನಿಗೆ ಒಲೆ ಹೊತ್ತುಕೊಂಡ ಆ ಗಾಡಿ ಕೊಪ್ಪಳದ ಸ್ಟೇಷನ್ನಿನಿಂದ ವಿಜ್ಞಾನಿಗಳನ್ನು ಹೇರಿಕೊಂಡು ಬಂದಿತ್ತು. ಎಲ್ಲರ ಮೂಗಿನ ಮೇಲೂ ಮಸಿ. ಕೊಟ್ರಬಸಪ್ಪನವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸುತ್ತಿದ್ದರು. ಕುಷ್ಟಗಿಯ ಕಡೆಯವರು, ಊರು ಬಿಟ್ಟು ಹೈದರಾಬಾದಿನಲ್ಲಿ ಮೇಷ್ಟ್ರಾಗಿ ತಲೆ ನರೆತಿದ್ದರೂ ಈ ಕರಿನೆಲ ಕಂಡರೆ ಸಾಲೆ ಬಿಟ್ಟ ಹುಡುಗನಾಗುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ಮಡಿಕೆ ಮುರಿಯದ ಬಿಳಿ ಪಂಚೆ, ಕೋಟು, ಮದರಾಸಿನಲ್ಲಿರುವ ಡಾಕ್ಟರ್ ತಿರುಪತಿ. ಮೂಲ ಗಂಗಾವತಿಯವರು, ಕಾಲುವೆ ಸೀಮೆಯ ತೆಲುಗು ಬೆರೆತ ಕನ್ನಡ. ಈ ಇಬ್ಬರಿಗೂ ಹತ್ತು ವರ್ಷದ ಜಗಳ. ಕರಿಮಣ್ಣಿನ ಅಡಿಯ ಆ ಬಿಳಿ ಪದರು ಒಂದಾನೊಂದು ಕಾಲದ ಸರೋವರದ ತಳ ಎಂದು ಕೊಟ್ರಬಸಪ್ಪನವರು; ಸರೋವರವೂ ಇಲ್ಲ ಏನೂ ಇಲ್ಲ, ಮಣ್ಣೊಳಗೆ ತಾನೇ ಹುಟ್ಟುವ ಸುಣ್ಣದ ಹರಳು ಎಂದು ತಿರುಪತಿಯವರು. ನೀರಿನಲ್ಲಲ್ಲದೆ ಬದುಕದ ಒಂದೇ ಒಂದು ಚಿಪ್ಪು ಆ ಪದರಿನಲ್ಲಿ ಸಿಕ್ಕರೆ ಜಗಳ ಮುಗಿದಂತೆ. ಪಂಪಾವತಿಗೆ ನಲವತ್ತು ಸಿಕ್ಕಿದ್ದವು. ಮಂಗಳೂರಿನ ಹಳ್ಳದ ದಾರಿ ತೋರಿಸಲೆಂದು ಅವಳನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಿ, ಇವಳೇ ಆ ಹುಡುಗಿ ಎಂದು ಕೊಟ್ರಬಸಪ್ಪನವರು ಎಲ್ಲರಿಗೂ ಪರಿಚಯಿಸಿದರು. ಅವಳು ಮಡಿಲಲ್ಲಿ ತಂಬಿಗೆ ಹಿಡಿದು ನೆಲ ನೋಡಿದಳು. ಕಲಕತ್ತೆಯಿಂದ ಬಂದ ಒಬ್ಬರು ಮಂಗಳೂರೆಂದರೆ ಕಡಲ ದಂಡೆಯದು ಎಂದು ತಿಳಿದು ದೊಡ್ಡ ಕೊಡೆ, ಈಜುವ ಚಡ್ಡಿ ತಂದಿದ್ದರು. ಬಸ್ಸಿನ ತುಂಬ ಅದೇ ಮಾತು. ಇಂಥ ತಪ್ಪನ್ನು ಮಾಡಿ, ಇಷ್ಟು ಸಲೀಸಾಗಿ ತಾವೇ ನಗುತ್ತ ಕೂತವರನ್ನು ಪಂಪಾವತಿ ಡ್ರೈವರನ ಕನ್ನಡಿಯಲ್ಲಿ ಕದ್ದು ನೋಡಿದಳು. ಹಾಗೆ ನಗಲಿಕ್ಕೆ ಎಲ್ಲಿ ಕಲಿಯುತ್ತಾರೋ.

ಏರಿನ ನಡುವೆ ಬಸ್ಸು ಉಸಿರು ಬಿಟ್ಟು ನಿಂತಿತು. ಎಲ್ಲರೂ ಇಳಿದರು. ಡ್ರೈವರ್ ಹುಲಗಪ್ಪ ಮುಂದಿನ ಮುಚ್ಚಳ ತೆಗೆದು, ಕೈ ಝಾಡಿಸಿ, ಸುತ್ತ ನೋಡಿದ. ಆ ಬಯಲಿನಲ್ಲಿ ಜೋಳದ ತೆನೆಗಳ ಹೊರತು ನೋಡಲು ಏನೂ ಇರಲಿಲ್ಲ. ಅವನ ಕಣ್ಣು ಅವಳ ತಂಬಿಗೆಯ ಮೇಲೆ ಬಿತ್ತು.

"ಅಕ್ಕಾರ, ಆ ನೀರು ಕೊಡ್ರಿ. ಗಾಡಿಗೆ ನೀರಡಿಕಿ ಆಗೇತಿ."

ಪಂಪಾವತಿ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಹುಲಗಪ್ಪ ತನಗೆ ಸರಿಯಾಗಿ ಕಾಣಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಕೈ ಚಾಚಿದ. ಅವಳು ಇನ್ನೊಮ್ಮೆ ತಲೆ ಅಲ್ಲಾಡಿಸಿದಳು. ನೀರು ಕೇಳಿದವರಿಗೆ ಇಲ್ಲ ಅನ್ನುವುದು ಈ ಸೀಮೆಯಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಕದ್ದವನಿಗೂ ಮೊದಲು ನೀರು ಕೊಟ್ಟು ಆಮೇಲೆ ಹೊಡೆಯುವ ಊರುಗಳು ಇವು. ಎಲ್ಲರ ದೃಷ್ಟಿ ತನ್ನ ಕೈಗಳ ಮೇಲೆ ಇರುವುದು ಅವಳಿಗೆ ಚರ್ಮದಲ್ಲಿ ಗೊತ್ತಾಯಿತು. ತಿರುಪತಿಯವರು ಕರವಸ್ತ್ರದಿಂದ ಮೂಗಿನ ಮಸಿ ಒರೆಸಿಕೊಳ್ಳುತ್ತ, ಬಹಳ ಮರ್ಯಾದೆಯಿಂದಲೇ ಕೇಳಿದರು: "ಅಷ್ಟು ಭದ್ರವಾಗಿ ಇಟ್ಟೀರಲ್ಲಮ್ಮಾ, ದೇವರಿಗಾ?"

ಪಂಪಾವತಿ ಲೋಟವನ್ನು ಇನ್ನಷ್ಟು ಒತ್ತಿ ಮುಚ್ಚಿದಳು. ಹುಲಗಪ್ಪ ದೂರದ ಹೊಲದ ಬಾವಿಗೆ ಡಬ್ಬಿ ಹಿಡಿದು ಹೋಗಿ ಬಂದ. ಅವನು ಬರುವವರೆಗೂ ಅವಳು ರಸ್ತೆಯ ಬದಿಯ ಜಾಲಿಯ ನೆರಳಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಲೋಟ ತೆಗೆದು ಒಮ್ಮೆ ಇಣುಕಿದಳು. ಅವು ಸುಖವಾಗಿದ್ದವು. ತಂಬಿಗೆಯ ಹಿತ್ತಾಳೆಯ ತಳದಲ್ಲಿ ಬೆಳಕಿನ ಉಂಗುರ ಬಿದ್ದು, ಅದರ ಸುತ್ತ ಏಳೆಂಟು ಎಳ್ಳುಗಳು ಜಾತ್ರೆಗೆ ಬಂದ ಮಕ್ಕಳ ಹಾಗೆ ಸುತ್ತುತ್ತಿದ್ದವು. ಇವಳ ಮಾನ ಹೋಗುತ್ತಿರುವುದು ಅವಕ್ಕೆ ಗೊತ್ತಿರಲಿಲ್ಲ. ನಿಮಗಾಗಿ ನೋಡ್ರಿ, ಎಂದು ಅಂದುಕೊಂಡಳು. ಅಂದುಕೊಂಡದ್ದಕ್ಕೆ ಅವಳಿಗೇ ನಗು ಬಂತು, ನಗುವನ್ನು ಸೆರಗಿನಲ್ಲಿ ಮುಚ್ಚಿದಳು. ಬಸ್ಸು ತಳ್ಳುವಾಗ ಕಲಕತ್ತೆಯವರು ಕೊಡೆಯನ್ನು ಅವಳ ಕೈಗೆ ಕೊಟ್ಟರು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಕೊಡೆ; ಸಾಮ್ರಾಜ್ಯದ ಇಷ್ಟೊಂದು ಪದವಿಗಳು ತಳ್ಳುತ್ತಿದ್ದ ಬಸ್ಸಿನ ಹಿಂದೆ ಅವಳು ನಡೆದಳು.

ಹಳ್ಳದಲ್ಲಿ ಮಾತಾಡಬೇಕೆಂದಿದ್ದಳು. ಬಸ್ಸಿನಲ್ಲಿಯೇ ವಾಕ್ಯ ಕಟ್ಟಿಟ್ಟುಕೊಂಡಿದ್ದಳು: ಸರ್, ಒಂದು ತಪ್ಪಾಗಿದೆ. ಅದನ್ನು ಮನಸ್ಸಿನಲ್ಲಿ ಹೊರಳಿಸಿದಂತೆಲ್ಲ ಅದಕ್ಕೆ ಮರ್ಯಾದೆಯ ಬಟ್ಟೆಗಳು ಹೆಚ್ಚಾಗಿ, ದಯವಿಟ್ಟು, ತಾವು ತಪ್ಪು ತಿಳಿಯದಿದ್ದರೆ, ನನ್ನ ಅಜ್ಞಾನದಿಂದ ಎಂದೆಲ್ಲ ಸುತ್ತಿಕೊಂಡು, ಕೊನೆಗೆ ಒಳಗೆ ತಪ್ಪೇ ಕಾಣದಂತಾಗಿತ್ತು. ಹಳ್ಳದ ದಂಡೆಯಲ್ಲಿ ವಿಜ್ಞಾನಿಗಳು ಕೋಟು ಬಿಚ್ಚಿ ಪೊದೆಗಳಿಗೆ ಹಾಕಿ, ಮಂಡಿಯೂರಿ, ಬೋರಲು ಬಿದ್ದು, ಬಿಳಿ ಪದರನ್ನು ಕೆರೆಯುತ್ತಿದ್ದರು. ಎದುರು ದಂಡೆಯಲ್ಲಿ ಕುರಿ ಕಾಯುತ್ತಿದ್ದ ಹೆಂಗಸೊಬ್ಬಳು, ಏನ ಕಳಕೊಂಡಾರವಾ ಇವರು, ಎಂದು ಕೂಗಿ ಕೇಳಿದಳು. ಬಂಗಾರ ಇರಬೇಕೆಂದು ಅವಳೂ ಸ್ವಲ್ಪ ಹೊತ್ತು ತನ್ನ ಕಡೆಯ ದಂಡೆಯನ್ನು ಹುಡುಕಿದಳು. ಕೊಟ್ರಬಸಪ್ಪನವರು ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ, ಒಂದು ಹೆಂಟೆಯನ್ನು ಮೂಸಿ, ನಾಲಿಗೆಯ ತುದಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿದರು. ಆ ಮುಖವನ್ನು ನೋಡಿದ ಕೂಡಲೆ ಅವಳ ವಾಕ್ಯ ಬಿದ್ದುಹೋಯಿತು. ಚಿಕ್ಕವಳಿದ್ದಾಗ ಅಪ್ಪ ಸಂತೆಯಿಂದ ತಂದ ಮಾವಿನಹಣ್ಣನ್ನು ಹೀಗೇ ಮೂಸುತ್ತಿದ್ದ. ಹುಳ ಇದೆಯೆಂದು ಗೊತ್ತಿದ್ದರೂ ಅವಳು ಹೇಳುತ್ತಿರಲಿಲ್ಲ. ಅವನು ಕೊಯ್ದು ನೋಡಿ ತಾನೇ ಅಯ್ಯೋ ಅನ್ನುವ ತನಕ ಉಸಿರು ಹಿಡಿದು ಕೂತಿರುತ್ತಿದ್ದಳು. ಆ ಉಸಿರು ಹಿಡಿಯುವಿಕೆಯಲ್ಲಿ ಅಪ್ಪನ ಮೇಲಿನ ಪ್ರೀತಿ ಎಷ್ಟಿತ್ತು, ತನ್ನ ಹೇಡಿತನ ಎಷ್ಟಿತ್ತು ಎಂದು ಯಾವತ್ತೂ ಬಿಡಿಸಿ ನೋಡಿರಲಿಲ್ಲ. ಇವತ್ತು ನೋಡಿದಳು. ಹೇಡಿತನವೇ ಹೆಚ್ಚಿತ್ತು.

"ಸರ್," ಅಂದಳು.

ಅವರು ತಲೆ ಎತ್ತಿದರು, ತುಟಿಗೆ ಸುಣ್ಣ. "ನೋಡವಾ ಪಂಪಾವತಿ, ನೀ ಕಳಿಸಿದವು ಹೆಂಗ ಅದಾವ ಗೊತ್ತೈತೇನು? ನಿನ್ನೆ ಸತ್ತಂಗ ಅದಾವ. ಕಾಲ ಅನ್ನೂದು ಅವನ್ನ ಮುಟ್ಟೇ ಇಲ್ಲ."

ಅವಳು ತಂಬಿಗೆಯ ಮೇಲಿನ ಲೋಟಕ್ಕೆ ಕೈ ಹಾಕಿದ್ದಳು. ಅಷ್ಟರಲ್ಲಿ ತಿರುಪತಿಯವರು ಆ ಕಡೆ ಬಂದರು, ಹರಳು ಸಿಕ್ಕಿತೇನ್ರಿ ಎಂದು ಕೊಟ್ರಬಸಪ್ಪನವರನ್ನು ಚುಚ್ಚಿದರು. ಸಂಜೆ ನಾಲ್ಕರ ತನಕ ತಡಿರಿ ಸ್ವಾಮಿ, ನಿಮ್ಮ ಹರಳಿಗೆ ಕಾಲು ಬರ್ತಾವ, ಎಂದು ಇವರು ತಿರುಗಿ ಕೊಟ್ಟರು. ಆ ಕಾಲುಗಳು ಈ ಕ್ಷಣ ಅವಳ ಅಂಗೈಯ ಕೆಳಗೆ ಈಜುತ್ತಿದ್ದವು. ಹೋಗುವ ಮುನ್ನ ಕೊಟ್ರಬಸಪ್ಪನವರು ಅವಳ ಕಡೆ ತಿರುಗಿ, ಸಭೆಯಲ್ಲಿ ನೀನೂ ಎರಡು ಮಾತು ಆಡಬೇಕು, ಹೆಂಗ ತೊಳೆದೆ ಹೆಂಗ ಆರಿಸಿದೆ ಅನ್ನೂದು ಹೇಳಿದರ ಸಾಕು ಎಂದರು. ಹೆಂಗ ತೊಳೆದೆ. ಅವಳ ಕಣ್ಣ ಮುಂದೆ ಇಡೀ ಹಳ್ಳ ಒಮ್ಮೆ ಬೆಳ್ಳಗಾಯಿತು.

ಯಲಬುರ್ಗಾಕ್ಕೆ ಮರಳಿದ ಮೇಲೆ ದೊಡ್ಡವ್ವನ ಊಟ ಎಲ್ಲರನ್ನೂ ಗೆದ್ದಿತು. ಕಲಕತ್ತೆಯವರು ಹೋಳಿಗೆಯ ಪದರುಗಳನ್ನು ಬಿಡಿಸಿ ಇದೇ ನಿಜವಾದ ಭೂಸ್ತರ ಎಂದರು. ಪಂಪಾವತಿ ಅರ್ಧ ಹೋಳಿಗೆ ಬಿಟ್ಟು ಎದ್ದಳು. ತಂಬಿಗೆ ಇನ್ನೂ ಇಲ್ಲೇ ಐತೇನ ಎಂದು ದೊಡ್ಡವ್ವ ಕೇಳಿದಾಗ, ಹೋಗೂ ಮುಂದ ಹಾಕ್ತೀನಿ ಎಂದು ಹೇಳಿ ಅದನ್ನು ಹಿಡಿದುಕೊಂಡೇ ಸಾಲೆಗೆ ಹೋದಳು. ಹೊರಗಿನ ಬೆಳಕಿನಿಂದ ಒಳಗೆ ಹೋದರೆ ಸಾಲೆಯ ಪಡಸಾಲೆ ತಂಪಾಗಿ, ಸುಣ್ಣದ ವಾಸನೆಯಾಗಿ, ಎಂದೋ ಬಿಟ್ಟುಬಂದ ತರಗತಿಯಾಗಿ ಅವಳನ್ನು ಒಳಗೆಳೆದುಕೊಂಡಿತು. ಹಿಂದಿನ ಸಾಲಿನ ಬೆಂಚಿನ ತುದಿ. ಕಿಟಕಿಯ ಕಟ್ಟೆಯ ಮೇಲೆ ತಂಬಿಗೆ ಇಟ್ಟು, ಕೈಗಳನ್ನು ಮಡಿಲಲ್ಲಿ ಹುದುಗಿಸಿ ಕೂತಳು. ಇನ್ನೇನು, ಅವರು ಬಾಗಿಲಿಗೆ ಬಂದ ಕೂಡಲೆ ಎದ್ದು ಹೋಗಿ ತೋರಿಸುವುದು. ಅವರು ಬಂದರು, ಅವರ ಸುತ್ತ ಐದಾರು ಜನ ಬಂದರು, ಅವಳು ಏಳಲಿಲ್ಲ. ಎಲ್ಲ ಕೂತ ಮೇಲೆ ಎದ್ದರಾಯಿತು ಅಂದುಕೊಂಡಳು. ಎಲ್ಲ ಕೂತರು.

ಕೊಟ್ರಬಸಪ್ಪನವರು ಇಂಗ್ಲಿಷಿನಲ್ಲಿ ಸುರು ಮಾಡಿದರು, ಖುಷಿ ಹೆಚ್ಚಾದ ಕಡೆ ಕನ್ನಡಕ್ಕೆ ಜಾರಿದರು. ಒಂದು ಕಾಲದ ಸರೋವರವನ್ನು ಅವರು ಆ ಕೋಣೆಗೆ ತಂದರು. ಅದರ ದಂಡೆಯ ಹುಲ್ಲು, ತಳದ ನೆರಳು, ನೆರಳಿನಲ್ಲಿ ಗಿರಕಿ ಹೊಡೆಯುವ ಎಳ್ಳುಗಳು. ಮನುಷ್ಯನ ಕಣ್ಣೇ ಇಲ್ಲದ ಜಗತ್ತಿನ ಮಧ್ಯಾಹ್ನ. ಅದನ್ನು ಕೇಳುತ್ತ ಪಂಪಾವತಿ ಕ್ಷಣಕಾಲ ತನ್ನ ತಪ್ಪನ್ನೇ ಮರೆತು ಆ ನೀರಿನಲ್ಲಿ ಕೈ ಅದ್ದಿದಳು. ಅದು ಸುಳ್ಳಾಗಿರಲಾರದು ಅನ್ನಿಸಿತು. ಸರೋವರ ಇದ್ದಿರಬೇಕು; ಅದಕ್ಕೆ ಸಾಕ್ಷಿ ಮಾತ್ರ ಸುಳ್ಳು. ಸಾಕ್ಷಿ ಸುಳ್ಳೆಂದು ನಾಳೆ ಬೇರೆ ಯಾರಾದರೂ ತೋರಿಸಿದರೆ ಸರೋವರವನ್ನೂ ಯಾರೂ ನಂಬುವುದಿಲ್ಲ. ತಿರುಪತಿಯವರ ಕರವಸ್ತ್ರ ಆಗ ಗೆದ್ದವರ ಬಾವುಟದ ಹಾಗೆ ಹಾರಾಡುತ್ತದೆ. ಕೊಟ್ರಬಸಪ್ಪನವರು ಆಮೇಲೆ ಎಂದೂ ಮಣ್ಣನ್ನು ಮೂಸುವುದಿಲ್ಲ.

ಅಷ್ಟರಲ್ಲಿ ಮಾತಿನ ನಡುವೆ ಅವರಿಗೆ ಕೆಮ್ಮು ಬಂತು. ಬೆಳಗಿನ ಇದ್ದಿಲು ಹೊಗೆ. ಹೆಡ್‌ಮಾಸ್ತರ ಅಂದಪ್ಪನವರು ಗಡಬಡಿಸಿ ಎದ್ದು, ಅತ್ತಿತ್ತ ನೋಡಿ, ಕಿಟಕಿಯ ಕಟ್ಟೆಯ ಮೇಲಿನ ತಂಬಿಗೆಯನ್ನು ಕಂಡು, ಒಳ್ಳೆಯದಾಯಿತೆಂದು ಅದನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟರು. ಅದು ತನ್ನ ಭುಜದ ಪಕ್ಕದಿಂದ ಹಾದುಹೋದದ್ದನ್ನು ಪಂಪಾವತಿ ನೋಡಿದಳು. ಅವರು ಲೋಟ ಮಗುಚಿದ್ದನ್ನು, ನೀರು ಬಗ್ಗಿಸಿದ್ದನ್ನು ನೋಡಿದಳು. ಕೆಮ್ಮು ತಡೆದುಕೊಳ್ಳುತ್ತ ಕೊಟ್ರಬಸಪ್ಪನವರು, ಈ ಹೊಸ ಜೀವಿಗೆ ನಾನು ಇಡುವ ಹೆಸರು ಎಂದು ಹೇಳಿ, ಹೆಸರು ಹೇಳುವ ಮೊದಲು ಗಂಟಲು ಸರಿಮಾಡಿಕೊಳ್ಳಲಿಕ್ಕೆ ಲೋಟವನ್ನು ತುಟಿಯ ಹತ್ತಿರ ತಂದರು.

"ಸರ್, ಕುಡೀಬ್ಯಾಡ್ರಿ."

ಯಾರೋ ಅಂದರು. ಎಲ್ಲರೂ ಹಿಂದಕ್ಕೆ ತಿರುಗಿದ್ದರಿಂದ ಅದು ತಾನೇ ಎಂದು ಪಂಪಾವತಿಗೆ ಗೊತ್ತಾಯಿತು. ನಿಂತಿದ್ದಳು ಕೂಡ.

ಕೊಟ್ರಬಸಪ್ಪನವರು ಲೋಟ ಹಿಡಿದೇ ಕೇಳಿದರು, "ಯಾಕವಾ, ಸೋಸಿಲ್ಲೇನು?"

"ಸೋಸೇವ್ರಿ. ಸೋಸಿದ ಮ್ಯಾಲ ಉಳದದ್ದು ಅದು." ಇಷ್ಟು ಬಂದ ಮೇಲೆ ಉಳಿದದ್ದು ತಡೆಯಲಿಲ್ಲ. "ನೀವು ಈಗ ಹೆಸರು ಇಡಾಕತ್ತೀರೆಲ್ಲ ಸರ್, ಅವು ಅದರಾಗ ಅದಾವ. ಜೀವಂತ ಅದಾವ."

ಆಮೇಲೆ ಅವಳು ಏನೇನು ಹೇಳಿದಳೋ, ಅದರಲ್ಲಿ ದಯವಿಟ್ಟು ಇರಲಿಲ್ಲ, ಅಜ್ಞಾನ ಇರಲಿಲ್ಲ. ಬಾವಿಯ ಸವಳು, ಕೆರೆಯ ಕೊಡ, ಹಿಡಿಯದೆ ಬಿಟ್ಟ ಅರಿವೆ, ಊದಿ ಹಾರಿಸಿದ ಕಾಲು. ತಾನು ಮಣ್ಣು ತೊಳೆದ ನೀರಿನಲ್ಲೇ ಅವು ಇದ್ದವು. ಮಣ್ಣಿನಲ್ಲೂ ಇರಬಹುದು, ಇಲ್ಲದಿರಬಹುದು, ಆದರೆ ತಾನು ಕಳಿಸಿದ ನಳಿಗೆಯಿಂದ ಅದು ಗೊತ್ತಾಗುವುದಿಲ್ಲ. ಹೇಳಿ ಮುಗಿದಾಗ ಸಾಲೆಯ ಹೊರಗೆ ಹುಲಗಪ್ಪ ಬಸ್ಸಿನ ಬೂದಿ ಕೆದಕುವ ಸದ್ದು ಕೇಳುತ್ತಿತ್ತು. ಕೊಟ್ರಬಸಪ್ಪನವರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಜೇಬಿನಿಂದ ಕನ್ನಡಿ ತೆಗೆದು, ಬಹಳ ಹೊತ್ತು ನೋಡಿದರು. ಅವರ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಆ ಬೆನ್ನು ಅಲುಗಲು ತೊಡಗಿತು. ಅಳುತ್ತಿದ್ದಾರೆ ಅಂದುಕೊಂಡಳು.

"ತಿರುಪತಿಯವರ, ಬರ್ರಿ ಇಲ್ಲೆ," ಅವರು ತಿರುಗಿದಾಗ ನಗುವಿನಿಂದ ಅವರ ಕಣ್ಣಲ್ಲಿ ನೀರು ಬಂದಿತ್ತು. "ನಿಮ್ಮ ಹರಳಿಗೆ ಕಾಲು ಬಂದಾವ."

ತಿರುಪತಿಯವರು ಬಂದು ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು. ಗೆದ್ದ ಖುಷಿಯಲ್ಲಿ ಅವರಿಗೆ ತೆಲುಗು ಕನ್ನಡ ಎರಡೂ ಒಟ್ಟಿಗೆ ಬಂದವು. ಕೆರೆನೀರಾ, ಕೆರೆನೀರಲ್ಲಿ ತೊಳೆಯುವುದಾ, ಎಂದು ಎರಡು ಸಲ ಹೇಳಿ ಮೂರನೆಯ ಸಲ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಕೊಟ್ರಬಸಪ್ಪನವರು ಮೆಲ್ಲಗೆ, ಸಂಕಟದಲ್ಲಿದ್ದವರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು:

"ಗೋದಾವರಿ ದಂಡಿ ಮಣ್ಣು ನೀವು ಯಾವ ನೀರಾಗ ತೊಳದ್ರಿ?"

"ಗೋದಾವರಿ ನೀರಲ್ಲೇ," ಅಂದರು ತಿರುಪತಿಯವರು.

"ಸೋಸಿ?"

ತಿರುಪತಿಯವರು ಕರವಸ್ತ್ರ ತೆಗೆದರು, ಒರೆಸಿಕೊಳ್ಳಲು ಏನೂ ಇರಲಿಲ್ಲ, ಮತ್ತೆ ಮಡಚಿ ಇಟ್ಟುಕೊಂಡರು. ಗೋದಾವರಿಯ ಮಣ್ಣಿನಿಂದ ಅವರು ಹೆಸರಿಟ್ಟ ಚಿಪ್ಪುಗಳು ಪುಸ್ತಕಗಳಲ್ಲಿ ಸೇರಿಹೋಗಿದ್ದವು. ಪಂಪಾವತಿ ಆಗ ನೋಡಿದ ನೋಟ ಅವಳಿಗೆ ಮುಂದೆ ಎಂದೂ ಮರೆಯಲಿಲ್ಲ. ಇಡೀ ಪಡಸಾಲೆ, ಒಂದೊಂದು ಬೆಂಚೂ, ತನ್ನೊಳಗೆ ಇಳಿದು ಹೋಗಿತ್ತು. ಒಬ್ಬರ ಕಣ್ಣಲ್ಲಿ ಯಾವುದೋ ಡಾಕ್ ಬಂಗಲೆಯ ಹಿಂದಿನ ಹೊಂಡ. ಇನ್ನೊಬ್ಬರ ತುಟಿ ಯಾವುದೋ ಕಾಲುವೆಯ ಹೆಸರನ್ನು ನೆನೆಯುತ್ತಿತ್ತು. ಕಲಕತ್ತೆಯವರು ಕನ್ನಡಕ ತೆಗೆದು ಹುಬ್ಬಿನ ನಡುವೆ ಒತ್ತಿಕೊಂಡು, ಮುಂಗಾರಿನ ನೀರು, ಕಮಲದ ಕೊಳ, ಎಂದು ತಮಗೆ ತಾವೇ ಇಂಗ್ಲಿಷಿನಲ್ಲಿ ಹೇಳಿಕೊಂಡರು. ಹೇಳಿಕೊಂಡವರೇ ಮೊದಲು ನಕ್ಕರು. ಈಜುವ ಚಡ್ಡಿಯ ಮಾತಿಗೆ ನಕ್ಕ ಹಾಗೇ, ಅಷ್ಟೇ ಸಲೀಸಾಗಿ. ಆಮೇಲೆ ಯಾರು ನಕ್ಕರು ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಹುಲಗಪ್ಪ ಏನಾಯಿತೆಂದು ಕಿಟಕಿಗೆ ಬಂದು ನಿಂತ. ಬೆಳಿಗ್ಗೆ ಕೇಳಿದರೂ ಕೊಡದ ನೀರು ಅದೇ ಎಂದು ತಿಳಿದು, ಛಲೋ ಆತು ಬಿಡ್ರಿ, ಗಾಡಿ ಕುಡಿದಿದ್ದರ ಇವತ್ತ ಇವರ ಹೊಟ್ಟಿಗೆ ನಗು ಎಲ್ಲಿಂದ ಬರ್ತಿತ್ತು ಎಂದು ಅಂದಪ್ಪನವರಿಗೆ ಹೇಳಿದ.

ಆ ದಿನದ ಸಭೆ ಒಂದೇ ಒಂದು ಠರಾವು ಪಾಸು ಮಾಡಿತು. ಇನ್ನು ಮುಂದೆ ಮಣ್ಣು ತೊಳೆಯುವ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸತಕ್ಕದ್ದು. ಸೂಚಿಸಿದವರು ಕುಮಾರಿ ಪಂಪಾವತಿ, ಅನುಮೋದಿಸಿದವರು ಡಾಕ್ಟರ್ ತಿರುಪತಿ. ಸರೋವರದ ಮಾತು ಮುಂದಿನ ವರ್ಷಕ್ಕೆ ಹೋಯಿತು, ಹೆಸರಿನ ಮಾತೂ ಹೋಯಿತು. ತಿರುಪತಿಯವರು ಬೆಂಚಿನ ತನಕ ಬಂದು, ಇದಕ್ಕೆ ಎಷ್ಟು ಜೊತೆ ಅಂಗಗಳಮ್ಮಾ ಎಂದು, ಪರೀಕ್ಷೆ ಮಾಡಲಿಕ್ಕಲ್ಲ, ತಿಳಿಯಲಿಕ್ಕೇ ಕೇಳಿದರು. ಚಿಪ್ಪಿನ ಮೇಲೆ ಜೀವಮಾನ ಕಳೆದ ಅವರು ಜೀವವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲವಂತೆ. ಏಳು, ಎಂದಳು ಪಂಪಾವತಿ. ಟಾಂಗಾ ಏನೂ ಬೇಕಾಗಲಿಲ್ಲ.

ಹೊತ್ತು ಇಳಿಯುವಾಗ ಕೆರೆಗೆ ಹೋದಳು. ಕೊಟ್ರಬಸಪ್ಪನವರೂ ಜೊತೆಗೆ ಬಂದರು, ಕೋಟನ್ನು ಹೆಗಲ ಮೇಲೆ ಹಾಕಿಕೊಂಡು. ದಾರಿಯಲ್ಲಿ ಒಮ್ಮೆ ನಿಂತು, ಬೆಳಿಗ್ಗೇ ಗೊತ್ತಿತ್ತೇನವಾ ಎಂದು ಕೇಳಿದರು. ಗೊತ್ತಿತ್ರಿ ಅಂದಳು. ಹಳ್ಳದಾಗ ಇದನ್ನ ಹೇಳಾಕ ಬಂದಿದ್ದೇನು? ಹೌದ್ರಿ. ಅವರು ತಲೆ ಆಡಿಸಿದರು, ನಾ ಬಾಯಿಗೆ ಮಣ್ಣ ಹಾಕ್ಕೊಂಡು ಕುಂತಿದ್ದೆ, ಹೆಂಗ ಹೇಳ್ತಿ ಎಂದು ತಾವೇ ಅವಳ ಪರವಾಗಿ ವಾದಿಸಿದರು. ಬೆಳಗಿನಿಂದ ಹೊತ್ತು ತಿರುಗಿದ ಭಾರ ಎಲ್ಲಿ ಇಳಿಯಿತೆಂದು ಅವಳಿಗೆ ತಿಳಿಯಲಿಲ್ಲ. ಕೈಯಲ್ಲಿ ತಂಬಿಗೆ ಇನ್ನೂ ಇತ್ತು. ಇನ್ನೊಂದು ಚೀಲ ಬಿಳಿಮಣ್ಣು ದೊಡ್ಡವ್ವನ ಹಿತ್ತಲಲ್ಲಿದೆ, ನಾಳೆಯೇ ತೊಳೆಯುತ್ತೇನೆ ಅಂದಳು. ಏನೂ ಸಿಗದಿದ್ದರೆ, ಎಂದು ಅವರು ಕೇಳಿದರು. ಸಿಗಲಿಲ್ಲ ಅಂತ ಬರೀತೀನ್ರಿ. ಅವರು ಹಳೆಯ ಸರೋವರವನ್ನು ಈ ಕೆರೆಯ ಮೇಲೆ ಇಟ್ಟು ಅಳೆಯುವವರ ಹಾಗೆ ನೀರಿನ ಮೇಲೆ ದೂರಕ್ಕೆ ನೋಡಿ, ಬರಿ, ಅಂದರು. ಮೆಟ್ಟಿಲಿಳಿದು ಅವಳು ತಂಬಿಗೆ ಬಗ್ಗಿಸಿದಳು. ಪಂಪಾವತಿಯೈ ಎಂಬ ಹೆಸರು ಒಂದು ಗುಟುಕು ನೀರಿನಷ್ಟು ಹತ್ತಿರ ಬಂದು ತಪ್ಪಿದ ಆ ಎಳ್ಳುಗಳು, ಕೃತಜ್ಞತೆಯನ್ನೇನೂ ತೋರಿಸದೆ, ಕೆಸರಿನ ಕಡೆ ಹೊರಟುಹೋದವು.

ಅಭ್ಯಾಸದಂತೆ ತಂಬಿಗೆಯನ್ನು ಜಾಲಿಸಿ ತಿರುಗಿ ತುಂಬಿಕೊಂಡು ಬಂದಳು. ಅಂಗಳದಲ್ಲಿ ವಿರೂಪಾಕ್ಷಮ್ಮ ನಾಳೆಗೆ ಬೇಕೆಂದು ತರಿಸಿದ ಕೊಡಗಳ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಪಂಪಾವತಿ ಹಗ್ಗದ ಮೇಲಿಂದ ಅರಿವೆ ಎಳೆದುಕೊಂಡು, ಎರಡು ಮಡಿಕೆ ಮಾಡಿ, ಹಂಡೆಯ ಬಾಯಿಗಲ್ಲ, ಹಿತ್ತಲಿನಿಂದ ತಂದ ಬಿಳಿಮಣ್ಣು ತುಂಬಿದ ಬುಟ್ಟಿಯ ಬಾಯಿಗೆ ಹಿಡಿದಳು.

"ಇದು ಯಾರಿಗೆ?" ದೊಡ್ಡವ್ವ ಕೊಡ ಎತ್ತಿದವಳು ಹಾಗೇ ನಿಂತು ಕೇಳಿದಳು.

"ಮಣ್ಣಿಗೆ," ಅಂದಳು ಪಂಪಾವತಿ, ಓಣಿಯಾಚೆಯ ಮನೆಗೂ ಕೇಳುವಂತೆ.